ಏಳು ವರ್ಷದ ಸಮುದ್ರ

ಸೂರತ್ತಿನ ಉಧ್ನಾ ಸ್ಟೇಶನ್ನಿನಿಂದ ಹೊರಬಿದ್ದು ಬಟ್ಟೆ ಕಾರ್ಖಾನೆಗಳ ಕಡೆಗೆ ತಿರುಗುವ ರಸ್ತೆಯಲ್ಲಿ ವಿಠ್ಠಲ ಮೊಗವೀರರ ಹೋಟೆಲಿದೆ. ಅದರ ಬೋರ್ಡಿನಲ್ಲಿ ಇಡ್ಲಿ ಮತ್ತು ದೋಸೆಗಳ ನಡುವೆ ಒಂದು ಹಾಯಿದೋಣಿಯೂ ಇದೆ. ಅದನ್ನು ಬರೆಯಲು ಯಾರೂ ಹೇಳಿರಲಿಲ್ಲ. ಬೋರ್ಡು ಬರೆದ ಪೇಂಟರ್ ಎರಡು ದಿನ ಅಲ್ಲಿಯೇ ಊಟ ಮಾಡಿದ್ದ, ವಿಠ್ಠಲರ ಸಮುದ್ರದ ಕಥೆಗಳನ್ನು ಕೇಳಿದ್ದ. ಮೂರನೆಯ ದಿನ ದೋಸೆಯ ಪಕ್ಕದಲ್ಲಿ ದೋಣಿ ತಾನಾಗಿ ತೇಲಿ ಬಂತು.

ಕಥೆಗಳು ಬಹಳ ಇದ್ದವು. ಪಾಳಿ ಮುಗಿಸಿ ಬಂದ ಮಗ್ಗದ ಕಾರ್ಮಿಕರು, "ಕಾಕಾ, ಇವತ್ತು ಬಿರುಗಾಳಿಯೋ, ತಿಮಿಂಗಿಲವೋ?" ಎಂದು ಕೆಣಕುತ್ತಿದ್ದರು. ವಿಠ್ಠಲರು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಆ ಚುಯ್ಯೆನ್ನುವ ಸದ್ದು ಅಡಗುವವರೆಗೆ ಕಾದು, ಮಾತು ತೆಗೆಯುತ್ತಿದ್ದರು. ಬಲೆಗೆ ಸಿಕ್ಕ ಆಮೆಯನ್ನು ಬಿಡಿಸಿದ್ದು, ಮಂಜಿನಲ್ಲಿ ದಿಕ್ಕು ತಪ್ಪಿ ಭಟ್ಕಳ ಮುಟ್ಟಿದ್ದು, ಇಂಜಿನ್ ಕೆಟ್ಟ ದೋಣಿಯಲ್ಲಿ ಇಡೀ ದಿನ ಒಂದು ಸೌತೆಕಾಯಿಯನ್ನು ಆರು ಮಂದಿ ಹಂಚಿಕೊಂಡದ್ದು. ಅವೆಲ್ಲವೂ ನಡೆದ ಸಂಗತಿಗಳೇ. ನಡೆದದ್ದು ಮಾತ್ರ ಊರಲ್ಲಿದ್ದ ಅವರ ಅಣ್ಣ ಲಕ್ಷ್ಮೀನಾರಾಯಣರಿಗೆ.

ವಿಠ್ಠಲರು ಸಮುದ್ರಕ್ಕೆ ಹೋದದ್ದು ಒಂದೇ ಸಲ, ಅದೂ ಪೂರ್ತಿಯಾಗಿ ಅಲ್ಲ. ಹದಿನೇಳನೆಯ ವಯಸ್ಸಿನಲ್ಲಿ, ಊರಾದ ಗಂಗೊಳ್ಳಿಯಲ್ಲಿ, ಅಣ್ಣನ ದೋಣಿ ಹತ್ತಿದರು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮೊದಲ ತೆರೆ ದೋಣಿಯ ಮೂತಿಯನ್ನು ಮೇಲೆತ್ತಿದಾಗ ಅವರ ಎರಡೂ ಕೈಗಳು ಅಡ್ಡಹಲಗೆಯನ್ನು ಹಿಡಿದವು; ಹಿಡಿದದ್ದು ಬಿಡಲಿಲ್ಲ. ಎಲ್ಲಿಂದಲೋ ಒಂದು ಕೂಗು ಕೇಳುತ್ತಿತ್ತು. ಅದು ತಮ್ಮ ಗಂಟಲಿನಿಂದಲೇ ಬರುತ್ತಿದೆ ಎಂದು ತಿಳಿಯಲು ಹೊತ್ತು ಹಿಡಿಯಿತು. ಅಣ್ಣ ಮರುಮಾತಿಲ್ಲದೆ ದೋಣಿ ತಿರುಗಿಸಿ, ದಡಕ್ಕೆ ತಂದು, ತಮ್ಮನ ಬೆರಳುಗಳನ್ನು ಹಲಗೆಯಿಂದ ಒಂದೊಂದಾಗಿ ಬಿಡಿಸಿದ. ದೋಣಿಯಲ್ಲಿದ್ದ ಯಾರೂ ನಗಲಿಲ್ಲ. ನಕ್ಕಿದ್ದರೆ ವಿಠ್ಠಲರು ಊರಿನಲ್ಲಿಯೇ ಉಳಿಯುತ್ತಿದ್ದರೇನೋ. ಹದಿನೈದು ದಿನಗಳಲ್ಲಿ ಅವರು ಸೂರತ್ತಿನಲ್ಲಿದ್ದರು, ದೂರದ ಸಂಬಂಧಿಯೊಬ್ಬರ ಹೋಟೆಲಿನಲ್ಲಿ.

"ಮೊಗವೀರರ ಪೈಕಿಯಾ? ಸಮುದ್ರಕ್ಕೆ ಹೋಗಿ ಅಭ್ಯಾಸ ಉಂಟಾ?" ಎಂದು ಯಜಮಾನರು ಕೇಳಿದರು.

"ಏಳು ವರ್ಷ," ಎಂದರು ವಿಠ್ಠಲರು.

ಹಾಗಾದರೆ ಹತ್ತನೆಯ ವಯಸ್ಸಿಗೇ ದೋಣಿ ಹತ್ತಿರಬೇಕಲ್ಲ ಎಂದು ಯಾರೂ ಯೋಚಿಸಲಿಲ್ಲ. ಆ ಏಳು ವರ್ಷ ನಲವತ್ತು ವರ್ಷಗಳ ಕಾಲ ಅವರ ಜೊತೆ ಬಾಳಿತು. ಅದನ್ನು ಪೋಷಿಸಲು ಅವರು ತಿಂಗಳಿಗೊಮ್ಮೆ ಅಣ್ಣನಿಗೆ ಫೋನ್ ಮಾಡಿ, ಮೀನು ಹೇಗಿದೆ, ಗಾಳಿ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಡುಮಸ್ ಕಡಲತೀರಕ್ಕೆ ಹೆಂಡತಿ ಮಗಳನ್ನು ಕರೆದೊಯ್ದಾಗ ಭಜಿಯಾ ಅಂಗಡಿಯ ಬೆಂಚಿನಿಂದ ಏಳುತ್ತಿರಲಿಲ್ಲ. ತಾಪಿ ನದಿಯ ಸೇತುವೆಯ ಮೇಲೆ ಬಸ್ಸು ಸಾಗುವಾಗ ಮುಂದಿನ ಸೀಟಿನ ಕಬ್ಬಿಣದ ಕಂಬಿಯನ್ನೇ ನೋಡುತ್ತಿದ್ದರು. ಹೆಂಡತಿ ಶಕುಂತಲಾ ಮದುವೆಯಾದ ಮೊದಲ ವರ್ಷವೇ ಓರಗಿತ್ತಿಯ ಬಾಯಿಂದ ನಿಜ ತಿಳಿದಿದ್ದರು. ತಿಳಿದೂ ಗಂಡನ ಕಥೆಗಳಿಗೆ ಚಟ್ನಿ ಬಡಿಸುತ್ತಾ ಬಂದಿದ್ದರು.

ಇದನ್ನು ತಿಳಿಯದೆ ಬೆಳೆದವಳು ಮಗಳು ಕಾವ್ಯಾ. ಸೂರತ್ತಿನಲ್ಲಿ ಹುಟ್ಟಿ, ಅಹಮದಾಬಾದಿನಲ್ಲಿ ಓದಿ, ಅಲ್ಲಿಯ ಬೋಡಕ್‌ದೇವ್ ಬಡಾವಣೆಯ ಒಂದು ಕಚೇರಿಯಲ್ಲಿ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವ ಕೆಲಸದಲ್ಲಿದ್ದಳು. ಫೆಬ್ರವರಿಯ ಒಂದು ಗುರುವಾರ ಅದೇ ಊರಿನಂಚಿನ ಬೋಪಾಲ್ ಬಡಾವಣೆಯ ತನ್ನ ಬಾಡಿಗೆ ಕೋಣೆಯಿಂದ ಫೋನ್ ಮಾಡಿದಳು.

"ಪಪ್ಪಾ, ಭಾನುವಾರ ಫ್ರೀ ಇದ್ದೀರಾ? ಖಾರಾ ಬೇಟ್‌ಗೆ ಹೋಗ್ಬೇಕು. ಐಲ್ಯಾಂಡ್."

ಖಾರಾ ಬೇಟ್ ಎಂದರೆ ತಾಪಿಯ ಅಳಿವೆಯಿಂದ ಆಚೆ, ಖಂಭಾತ್ ಕೊಲ್ಲಿಯ ಕೆಸರಿನ ನಡುವೆ ಇರುವ ಸಣ್ಣ ದ್ವೀಪ. ಕಂಪನಿಯ ಕಾಲದಲ್ಲಿ ಕೈದಿಗಳನ್ನು ಅಲ್ಲಿಗೆ ಒಯ್ದು, ಅವರಿಂದಲೇ ಕಲ್ಲು ಒಡೆಸಿ, ಅವರನ್ನು ಕೂಡಿಹಾಕುವ ಜೈಲನ್ನೂ ಹಡಗು ನಿಲ್ಲುವ ಧಕ್ಕೆಯನ್ನೂ ಕಟ್ಟಿಸಿದರು. ಆಮೇಲೆ ಉಪ್ಪಿನ ಗೋದಾಮು ಬಂತು, ಹಡಗಿನ ಬಾಯ್ಲರ್ ರಿಪೇರಿಯ ಕಾರ್ಖಾನೆ ಬಂತು. ಕಾರ್ಖಾನೆ ಮುಚ್ಚಿ ಐವತ್ತು ವರ್ಷವಾಗಿತ್ತು. ಈಗ ಅದನ್ನು ಪ್ರವಾಸಿ ತಾಣ ಮಾಡುವ ಯೋಚನೆಯಿತ್ತು, ಅದಕ್ಕೆ ಮೊದಲು ನಕ್ಷೆ ಬೇಕಿತ್ತು.

"ಸಮುದ್ರ ಗೊತ್ತಿದ್ದವರು ಜೊತೆಗೆ ಇಲ್ದೆ ಹೋಗೋದು ಬೇಡ ಅಂತ ನಮ್ಮ ಸರ್. ನಾನು ಹೇಳಿದೆ, ನಮ್ಮ ಪಪ್ಪಾ ಏಳು ವರ್ಷ ಫಿಶರ್‌ಮ್ಯಾನ್ ಆಗಿದ್ರು ಅಂತ. ಎಲ್ಲರೂ ಒಮ್ಮೆಲೇ ಓಕೆ ಅಂದ್ರು!"

ವಿಠ್ಠಲರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು. ಮಗಳು ತನ್ನ ಕೆಲಸದ ವಿಷಯದಲ್ಲಿ ಅವರನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು.

"ಅದಕ್ಕೆಂತ, ಬಪ್ಪ," ಎಂದು ಬರಲು ಒಪ್ಪಿದರು.

ಶಕುಂತಲಾ ಹಿಟ್ಟಿನ ಪಾತ್ರೆಯನ್ನು ಕೆಳಗಿಟ್ಟರು. "ನೀವು ಹೋಪುದಾ? ದೋಣಿಯಲ್ಲಾ?"

"ಮತ್ತೆ ಈಜಿಕೊಂಡು ಹೋಪುದಾ?"

"ಈಜು ಬಂದ್ರಲ್ದಾ." ಆಕೆ ಕೈ ಒರೆಸಿಕೊಂಡು ಹತ್ತಿರ ಬಂದರು. "ಅವಳಿಗೆ ಹೇಳಿಬಿಡಿ."

"ಎಂತ ಹೇಳುದು?"

"ನಿಮ್ಮ ಏಳು ವರ್ಷದ್ದು."

"ಒಂದು ದಿನದ ಕೆಲಸ ಮಾರಾಯ್ತಿ. ದೋಣಿಯವ ಇರ್ತಾನೆ. ನಾನು ಸುಮ್ಮನೆ ಕೂತು ಬರುವುದು."

ಶಕುಂತಲಾ ಹಿಟ್ಟಿನ ಪಾತ್ರೆಯನ್ನು ಮತ್ತೆ ಎತ್ತಿಕೊಂಡರು. ಭಾನುವಾರ ಬೆಳಿಗ್ಗೆ ಮೊಸರನ್ನ ಮತ್ತು ಬಾಳೆಹಣ್ಣಿನ ಬನ್ಸ್ ಕಟ್ಟಿಕೊಟ್ಟು, ಗಂಡನ ಹೆಗಲಿಗೆ ಒಂದು ದಪ್ಪ ಟವೆಲ್ ಹಾಕಿದರು. ಯಾಕೆಂದು ಕೇಳಿದ್ದಕ್ಕೆ, "ಕೈ ಮುಚ್ಚಿಕೊಳ್ಳುಕೆ," ಎಂದರು.

ಆ ಟವೆಲ್ ಕೆಲಸಕ್ಕೆ ಬಂತು. ಮೀನುಗಾರರ ಹಳ್ಳಿಯಿಂದ ಹೊರಟ ದೋಣಿಯಲ್ಲಿ ವಿಠ್ಠಲರು ನಟ್ಟನಡುವೆ ಕುಳಿತು, ಟವೆಲನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಅಡಿಯಲ್ಲಿ ಎರಡೂ ಕೈಗಳಿಂದ ಹಲಗೆಯನ್ನು ಹಿಡಿದಿದ್ದರು. ನಲವತ್ತು ವರ್ಷಗಳ ಬಳಿಕವೂ ಬೆರಳುಗಳಿಗೆ ಹಲಗೆಯನ್ನು ಹಿಡಿಯುವ ರೀತಿ ನೆನಪಿತ್ತು. ನೀರು ಅವರ ಊರಿನ ನೀರಿನಂತೆ ಇರಲಿಲ್ಲ. ಕದಡಿದ ಚಹಾದಂತೆ ಕಂದು ಬಣ್ಣ. ತೆರೆಗಳಿಲ್ಲ, ಆದರೆ ಇಡೀ ನೀರೇ ಒಂದು ಕಡೆಗೆ ಸದ್ದಿಲ್ಲದೆ ಜಾರುತ್ತಿತ್ತು. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಇಳಿತದ ಹೊತ್ತು.

ಕಾವ್ಯಾಳ ಜೊತೆ ಬಂದಿದ್ದ ಸಹೋದ್ಯೋಗಿ ಅಜಯ್, ವಡೋದರಾದಲ್ಲಿ ಬೆಳೆದ ಧಾರವಾಡದ ಹುಡುಗ. ತಂದೆ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು ಅಲ್ಲಿಯೇ ನೆಲೆ ನಿಂತಿದ್ದರು. ಮನೆಯ ಕನ್ನಡ ಅವನಲ್ಲಿ ಗಟ್ಟಿಯಾಗಿ ಉಳಿದಿತ್ತು.

"ಅಂಕಲ್, ಖರೇ ಹೇಳ್ತೀನ್ರೀ, ನನಗ ಭಾಳ ಅಂಜಿಕಿ ಆಗಾಕತ್ತೈತಿ. ನಮ್ಮ ಕಡೆ ಕೆರಿ ಬಿಟ್ರ ಬ್ಯಾರೆ ನೀರು ನೋಡಿಲ್ಲ ನಾವು. ನೀವು ಅದೀರಿ ಅಂತ ಧೈರ್ಯ."

"ಅಂಜುದೆಂತಕ್ಕೆ," ಎಂದರು ವಿಠ್ಠಲರು. ಟವೆಲಿನ ಅಡಿಯ ಹಿಡಿತ ಇನ್ನಷ್ಟು ಬಿಗಿಯಾಯಿತು.

ದೋಣಿ ನಡೆಸುತ್ತಿದ್ದ ಧನಸುಖ್‌ಭಾಯಿ ಟಂಡೇಲ್ ವಿಠ್ಠಲರಿಗಿಂತ ಹತ್ತು ವರ್ಷ ಕಿರಿಯ, ಮಾತು ಕಡಿಮೆಯ ಮನುಷ್ಯ. ಒಂಬತ್ತು ಗಂಟೆಯ ಹೊತ್ತಿಗೆ ಧಕ್ಕೆಯ ಕಲ್ಲಿನ ಮೆಟ್ಟಿಲಿಗೆ ದೋಣಿ ತಾಗಿಸಿ, ಮೂವರನ್ನೂ ಇಳಿಸಿ, ಗುಜರಾತಿಯಲ್ಲಿ ವಿಠ್ಠಲರಿಗೆ ಮಾತ್ರ ವಿವರಿಸಿದ. ಇಲ್ಲಿ ನಿಂತರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ; ನಾನು ಅಗೋ ಅಲ್ಲಿ, ಆಳವಿರುವ ಕಾಲುವೆಯಲ್ಲಿ ಕಾಯುತ್ತೇನೆ. ನೀರು ಇಳಿದ ಮೇಲೆ ಮೆಟ್ಟಿಲಿನಿಂದ ಅಲ್ಲಿಯವರೆಗೆ ಕೈದಿಗಳು ಹಾಸಿದ ಕಲ್ಲುದಾರಿ ಮೇಲೆದ್ದು ಕಾಣುತ್ತದೆ, ಅದರ ಮೇಲೆ ನಡೆದು ಬನ್ನಿ. ಫೋನು ಇಲ್ಲಿ ಸಿಗುವುದಿಲ್ಲ. ದೋಣಿಯ ಕೋಲಿಗೆ ಕೆಂಪು ಬಟ್ಟೆ ಏರಿಸಿದರೆ ತಕ್ಷಣ ಹೊರಡಬೇಕು.

"ಭರತಿ ಬಂತೆಂದರೆ ಕುದುರೆಯೂ ಓಡಿ ತಪ್ಪಿಸಿಕೊಳ್ಳಲಾರದು, ಕಾಕಾ," ಎಂದ. ಭರತಿ ಎಂದರೆ ಉಬ್ಬರ. "ನಿಮಗೆ ನಾನು ಹೇಳಬೇಕೇ? ನೀವು ದರಿಯಾದ, ಸಮುದ್ರದ ಮನುಷ್ಯ; ಏಳು ವರ್ಷದ ಅಭ್ಯಾಸವೆಂದು ಮಗಳು ಹೇಳಿದಳು."

ದೋಣಿ ದೂರ ಸರಿಯಿತು. ವಿಠ್ಠಲರು ನೆಲದ ಮೇಲೆ ನಿಂತಿದ್ದರೂ ಕಾಲುಗಳು ತೂಗುತ್ತಲೇ ಇದ್ದವು.

ದ್ವೀಪದಲ್ಲಿ ಹಕ್ಕಿಗಳ ಸದ್ದೂ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಮುರಿದ ತಡೆಗೋಡೆ, ಅದರಾಚೆ ಅಂಗಳ. ಒಂದು ಬದಿಗೆ ಕಾರ್ಖಾನೆಯ ಸೂರಿಲ್ಲದ ಗೋಡೆಗಳ ನಡುವೆ ತುಕ್ಕು ಹಿಡಿದ ಬಾಯ್ಲರೊಂದು ಹೊಟ್ಟೆ ಸೀಳಿಕೊಂಡು ಮಲಗಿತ್ತು. ಇನ್ನೊಂದು ಬದಿಗೆ ಜೈಲಿನ ಸಾಲು. ಹೆಬ್ಬಾಗಿಲಿನ ನೆತ್ತಿಯ ಮೇಲೆ ಕಾವಲುಗಾರರ ಕೋಣೆ, ಅದಕ್ಕೆ ಹತ್ತುವ ಕಿರಿದಾದ ಕಲ್ಲುಮೆಟ್ಟಿಲು. ಜೈಲಿನ ಸಾಲಿನಲ್ಲಿ ಕೊನೆಯ ಮೂರು ಕೋಣೆಗಳು ಉಳಿದವುಗಳಿಗಿಂತ ಕೆಳಗಿದ್ದವು. ಶಿಕ್ಷೆಯ ಕೋಣೆಗಳು, ಎಂದಳು ಕಾವ್ಯಾ.

ವಿಠ್ಠಲರು ಬಾಗಿಲಲ್ಲಿ ನಿಂತು ಇಣುಕಿದರು. ಒಳಗೆ ಉಪ್ಪು ಮತ್ತು ಕೊಳೆತ ಸಗಣಿ ಬೆರೆತಂಥ ವಾಸನೆ. ಹಿಂದಿನ ಗೋಡೆಯಲ್ಲಿ ಕಬ್ಬಿಣದ ಒಂದು ಬಳೆ. ನೆಲದ ಮೂಲೆಯಲ್ಲಿ ಮುಷ್ಟಿ ಹಿಡಿಯುವಷ್ಟು ಅಗಲದ ತೂತು. ಕಾವ್ಯಾ ಟೇಪು ಹಿಡಿದು ಅಳತೆಯನ್ನು ಕೂಗುತ್ತಿದ್ದಳು, ಅಜಯ್ ಬರೆದುಕೊಳ್ಳುತ್ತಿದ್ದ.

"ರಿಂಗ್, ನೆಲದಿಂದ ತೊಂಬತ್ತೈದು ಸೆಂಟಿಮೀಟರ್. ಗೋಡೆ ಮೇಲೆ ಕಪ್ಪು ಕಲೆ, ನೂರಾ ಅರವತ್ತು. ಡ್ಯಾಂಪ್ ಅಂತ ಬರಿ."

"ಡ್ಯಾಂಪ್," ಎಂದು ಅಜಯ್ ಬರೆದ.

ವಿಠ್ಠಲರು ಧಕ್ಕೆಗೆ ಮರಳಿದರು. ನೀರು ಕಣ್ಮರೆಯಾಗಿತ್ತು. ದ್ವೀಪದ ಸುತ್ತ ಬೂದುಬಣ್ಣದ ಕೆಸರು ಹೊಳೆಯುತ್ತಿತ್ತು. ಅದರ ನಡುವೆ ಪಾಚಿಗಟ್ಟಿದ ಕಲ್ಲುದಾರಿ, ಅರ್ಧ ಕಿಲೋಮೀಟರಿನಾಚೆ ದೋಣಿ, ಬೆಂಕಿಕಡ್ಡಿಯಷ್ಟು ಕೋಲು. ಕಾಯುವುದೊಂದೇ ಕೆಲಸ. ಆದರೆ ಬರಿದೇ ಕಾಯುವುದು ಅವರಿಂದ ಆಗಲಿಲ್ಲ. ಏನನ್ನಾದರೂ ಮಾಡಬೇಕೆನಿಸಿತು.

ಸಮುದ್ರದ ಬಗ್ಗೆ ಅವರಿಗೆ ನಿಜವಾಗಿ ಗೊತ್ತಿದ್ದದ್ದು ಒಂದೇ, ಅದನ್ನೂ ಕಲಿಸಿದ್ದು ತಾಯಿ. ಗಂಗೊಳ್ಳಿಯ ಹೊಳೆಬದಿಯಲ್ಲಿ ಚಿಪ್ಪು ಹೆಕ್ಕಲು ಹೋದಾಗ ಆಕೆ ತನ್ನ ಚಪ್ಪಲಿಯನ್ನು ನೀರಂಚಿನಿಂದ ಎರಡು ಮಾರು ಮೇಲೆ ಬಿಡುತ್ತಿದ್ದಳು. ಚಪ್ಪಲಿ ಒದ್ದೆಯಾಯಿತೋ, ಉಬ್ಬರ ಶುರುವಾಯಿತು. ಬುಟ್ಟಿ ಎತ್ತಿಕೊಂಡು, ಸೆರಗು ಕೊಡವಿ, ಮಾತಾಡುತ್ತಾ ಮನೆಗೆ ನಡೆದರಾಯಿತು. ಆ ತೀರದಲ್ಲಿ ನೀರು ಆರು ಗಂಟೆಯಲ್ಲಿ ಎದೆಮಟ್ಟ ಏರಿದರೆ ಹೆಚ್ಚು. ವಿಠ್ಠಲರು ಕಲ್ಲುದಾರಿಯಲ್ಲಿ ಇನ್ನೂರು ಹೆಜ್ಜೆ ನಡೆದು, ಪಕ್ಕದ ಸಣ್ಣ ತೊರೆಯಲ್ಲಿ ನಿಂತಿದ್ದ ನೀರಿನಿಂದ ಎರಡು ಮಾರು ಅಳೆದು, ತಮ್ಮ ಚಪ್ಪಲಿಗಳನ್ನು ಒಂದು ಕಲ್ಲಿನ ಮೇಲೆ ಜೋಡಿಸಿ ಇಟ್ಟರು. ಬರಿಗಾಲಿನಲ್ಲಿ ಮೆಟ್ಟಿಲಿಗೆ ಬಂದು ಕುಳಿತರು. ಈಗ ಅವರೂ ಏನನ್ನೋ ತಿಳಿದವರಂತೆ ಇದ್ದರು.

ಹತ್ತೂಕಾಲಿಗೆ ಕೋಲಿನ ಮೇಲೆ ಕೆಂಪು ಬಟ್ಟೆ ಏರಿತು.

ಅವರು ಓಡಿದರು. "ಕಾವ್ಯಾ, ಸಾಕು, ಹೊರಡಿ. ಬಟ್ಟೆ ಏರಿಸಿದ್ದಾನೆ."

ಕಾವ್ಯಾ ಕೊನೆಯ ಕೋಣೆಯ ಬಾಗಿಲಲ್ಲಿದ್ದಳು. ಕೂದಲಲ್ಲಿ ಜೇಡರಬಲೆ, ಕೆನ್ನೆಯಲ್ಲಿ ತುಕ್ಕು. "ಪಪ್ಪಾ, ಇದೊಂದೇ ಬಾಕಿ. ಇದು ಇಲ್ದಿದ್ರೆ ಇನ್ನೊಂದ್ಸಲ ಬರ್ಬೇಕು, ಅದಕ್ಕೆ ಪರ್ಮಿಶನ್ ಸಿಗಲ್ಲ. ಇಪ್ಪತ್ತೇ ನಿಮಿಷ."

"ಅವ ಹೇಳಿದ್ದಾನೆ—"

"ಅವ್ರು ಸೇಫ್ಟಿಗೆ ಬೇಗ ಹೇಳ್ತಾರೆ. ನೀವು ಹೇಳಿ. ನಿಮಗೆ ಗೊತ್ತಲ್ವಾ? ಟೈಮ್ ಇದ್ಯಾ, ಇಲ್ವಾ?"

ಅವಳು ಕೆಲಸದ ವಿಷಯ ಮಾತಾಡುವ ದನಿಯಲ್ಲಿ ಕೇಳಿದ್ದಳು, ಒಬ್ಬ ತಜ್ಞ ಇನ್ನೊಬ್ಬನನ್ನು ಕೇಳುವಂತೆ. ವಿಠ್ಠಲರು ಮರಳಿ ಧಕ್ಕೆಗೆ ಹೋಗಿ ನೋಡಿದರು. ಚಪ್ಪಲಿಗಳು ಇಟ್ಟಲ್ಲೇ ಇದ್ದವು, ಒಣಗಿ, ಬಿಸಿಲಿನಲ್ಲಿ. ತೊರೆಯ ನೀರು ಕದಲಿರಲಿಲ್ಲ. ಊರಿನ ಲೆಕ್ಕದಲ್ಲಿ ಇನ್ನೂ ಒಂದು ಗಂಟೆ ಇತ್ತು. ಒಳಗಿನ ಹೆದರಿಕೆ ಬೇಡವೆನ್ನುತ್ತಿತ್ತು. ಆದರೆ ಅದು ಯಾವಾಗಲೂ ಬೇಡವೆನ್ನುತ್ತಲೇ ಬಂದಿತ್ತು, ಡುಮಸ್‌ನ ಬೆಂಚಿನ ಮೇಲೂ, ತಾಪಿಯ ಸೇತುವೆಯ ಮೇಲೂ. ಅದರ ಮಾತನ್ನು ನಂಬುವುದು ಹೇಗೆ?

"ಅರ್ಧ ಗಂಟೆ ಉಂಟು," ಎಂದು ಕೂಗಿದರು. "ಬೇಗ ಮುಗಿಸಿ."

ಹದಿನೆಂಟು ನಿಮಿಷಕ್ಕೆ ಅವರಿಬ್ಬರೂ ಚೀಲ ಹೆಗಲಿಗೇರಿಸಿ ಬಂದರು. ಅದಕ್ಕೆ ತುಸು ಮೊದಲು ವಿಠ್ಠಲರಿಗೆ ಒಂದು ಸದ್ದು ಕೇಳಿತ್ತು, ಕಾವಲಿಗೆ ನೀರು ಬಿದ್ದಾಗ ಆಗುವಂಥದ್ದು, ಆದರೆ ಅಡಗದೆ ಮುಂದುವರಿಯುವಂಥದ್ದು. ಅವರು ಸಮುದ್ರದ ಕಡೆ ನೋಡಿದರು, ಅಲ್ಲಿ ಏನೂ ಇರಲಿಲ್ಲ. ಸದ್ದು ಬಂದದ್ದು ಬೆನ್ನಿನ ಕಡೆಯಿಂದ. ದ್ವೀಪದ ಹಿಂಬದಿಯ ತೊರೆಗಳಲ್ಲಿ ನೀರು ಮೊದಲು ತುಂಬಿ, ಸುತ್ತು ಹಾಕಿ, ಕಂದು ನೊರೆಯ ಒಂದು ಅಂಚಾಗಿ ಕೆಸರಿನ ಮೇಲೆ ಮನುಷ್ಯ ನಡೆಯುವ ವೇಗದಲ್ಲಿ ಬರುತ್ತಿತ್ತು. ಅವರು ಚಪ್ಪಲಿಗಳನ್ನು ಹುಡುಕಿದರು. ಚಪ್ಪಲಿಗಳೂ ಇರಲಿಲ್ಲ, ಅವುಗಳಿದ್ದ ಕಲ್ಲೂ ಇರಲಿಲ್ಲ.

"ನೀರು ಬಂತಲ್ರೀ!" ಅಜಯ್ ಮೆಟ್ಟಿಲಿಳಿದು ಕಲ್ಲುದಾರಿಯ ತುದಿಯಲ್ಲಿ ನಿಂತ. ದಾರಿಯ ಮೊದಲ ಭಾಗ ಇನ್ನೂ ಕಾಣುತ್ತಿತ್ತು. ನಡುವೆ ಮಾತ್ರ ನೂರು ಹೆಜ್ಜೆಯಷ್ಟು ದೂರ ನೀರು ಅಡ್ಡ ಹಾಯುತ್ತಿತ್ತು. ಆಚೆ ದೋಣಿಯಲ್ಲಿ ಧನಸುಖ್‌ಭಾಯಿ ಕೆಂಪು ಬಟ್ಟೆಯನ್ನು ಕೈಯಲ್ಲಿ ಹಿಡಿದು ಬೀಸುತ್ತಿದ್ದ. ಬನ್ನಿ ಎನ್ನುತ್ತಿದ್ದನೋ, ಬೇಡವೆನ್ನುತ್ತಿದ್ದನೋ, ಆ ದೂರದಿಂದ ತಿಳಿಯುವಂತಿರಲಿಲ್ಲ.

"ಮೊಣಕಾಲ ಮಟ ಇರಬೇಕು ಅಷ್ಟ. ಈಗ ಓಡಿದ್ರ ಮುಟ್ಟತೀವಿ," ಎಂದ ಅಜಯ್. ಅವನ ಒಂದು ಕಾಲು ಆಗಲೇ ಮೊದಲ ಕಲ್ಲಿನ ಮೇಲಿತ್ತು. "ಅಂಕಲ್, ಹೇಳ್ರಿ. ನಡಿಯೂಣೇನ್ರಿ?"

ಕಾವ್ಯಾ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡಳು. ಶೂ ಕಳಚಿದಳು. ಅವಳ ಮುಖದಲ್ಲಿ ಹೆದರಿಕೆಯಿತ್ತು, ಆದರೆ ಅದು ಅಪ್ಪನ ಮಾತಿನ ಮೇಲೆ ಒರಗಿ ನಿಂತಿತ್ತು. "ಪಪ್ಪಾ, ಹೇಳಿ. ಹೋಗೋಣ್ವಾ?"

ವಿಠ್ಠಲರ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಅಣ್ಣನ ಒಂದು ಕಥೆಯಲ್ಲಿ ಹೀಗೆಯೇ ಹೊಳೆ ಅಡ್ಡ ಬಂದಾಗ ಎಲ್ಲರೂ ಕೈಕೈ ಹಿಡಿದು ನಡೆದು ದಾಟಿದ್ದರು. ಅದನ್ನು ಅವರು ಹೋಟೆಲಿನಲ್ಲಿ ನೂರು ಸಲ ಹೇಳಿದ್ದರು, ನೂರು ಸಲವೂ ದಾಟಿದ್ದರು. ನಡೀರಿ ಎಂದರೆ ಸಾಕಿತ್ತು. ಆಗ ಮಗಳ ಬರಿಗಾಲುಗಳು ಕಂಡವು. ಎಡಗಾಲಿನ ಕಿರುಬೆರಳು ಒಳಕ್ಕೆ ಮಡಚಿಕೊಂಡಿತ್ತು, ಹುಟ್ಟಿದಾಗಿನಿಂದ ಇದ್ದಂತೆ.

"ನನಗೆ ಗೊತ್ತಿಲ್ಲ," ಎಂದರು.

"ಎಂಥಾ?" ಎಂದಳು ಕಾವ್ಯಾ.

"ಗೊತ್ತಿಲ್ಲ ಮಗಾ. ನಾನು ಸಮುದ್ರಕ್ಕೆ ಹೋದವನೇ ಅಲ್ಲ. ಒಂದೇ ಸಲ, ಅಳಿವೆವರೆಗೆ. ಹೆದರಿ ಕೂಗಿದೆ. ದೋಣಿ ತಿರುಗಿಸಿ ನನ್ನನ್ನು ಇಳಿಸಿದರು. ಏಳು ವರ್ಷ ಅನ್ನುವುದೆಲ್ಲ ಸುಳ್ಳು. ಕಥೆಯೆಲ್ಲ ನಿನ್ನ ದೊಡ್ಡಪ್ಪಂದು." ಅವರು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. "ಈ ನೀರು ನನಗೆ ಗೊತ್ತಿಲ್ಲ. ನನ್ನನ್ನು ಕೇಳಬೇಡಿ. ಇಳಿಯಬೇಡಿ."

ಅಜಯ್ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಕಾವ್ಯಾ ಅಪ್ಪನನ್ನೇ ನೋಡುತ್ತಿದ್ದಳು. "ಹಾಗಾದ್ರೆ ಅರ್ಧ ಗಂಟೆ ಇದೆ ಅಂದ್ರಲ್ಲ, ಅದು?"

"ಚಪ್ಪಲಿ ನೋಡಿ ಹೇಳಿದ್ದು."

ಅಷ್ಟರಲ್ಲಿ ನೀರಿನಲ್ಲಿ ಒಂದು ಖಾಲಿ ಎಣ್ಣೆಯ ಡ್ರಮ್ಮು ಬಂತು. ಅದು ಕಲ್ಲುದಾರಿಯ ನಡುಭಾಗವನ್ನು ಮುಟ್ಟಿತು, ಒಂದು ಕ್ಷಣ ನಿಂತಿತು. ಆಮೇಲೆ ಯಾರೋ ಕೆಳಗಿನಿಂದ ಎಳೆದಂತೆ ಮಗುಚಿ, ಅಡ್ಡಕ್ಕೆ ಸೆಳೆದುಕೊಂಡು, ಮನುಷ್ಯ ಓಡುವುದಕ್ಕಿಂತ ವೇಗವಾಗಿ ಹೊರಟುಹೋಯಿತು. ಅಜಯ್ ಅದನ್ನು ಕಣ್ಣಿಗೆ ಕಾಣುವವರೆಗೂ ನೋಡಿದ.

"ಡ್ಯಾಂಪ್ ಅಲ್ಲ ಅದು," ಎಂದಳು ಕಾವ್ಯಾ, ಇದ್ದಕ್ಕಿದ್ದಂತೆ. "ಸೆಲ್ ಗೋಡೆಯ ಕಲೆ. ಡ್ಯಾಂಪ್ ಅಲ್ಲ. ನೀರು ಅಲ್ಲೀವರೆಗೆ ಬರುತ್ತೆ."

ಅವಳು ಪ್ಲಾಸ್ಟಿಕ್ ಚೀಲ ಬಿಚ್ಚಿ ಪುಟ ತಿರುಗಿಸಿದಳು. ಅಂಗಳದ ಎತ್ತರ ಎಷ್ಟು, ಕೋಣೆಗಳ ನೆಲ ಎಷ್ಟು ಕೆಳಗೆ, ಕಲೆ ಎಷ್ಟು ಮೇಲೆ ಎಂಬುದನ್ನು ಬೆರಳಿಟ್ಟು ಕೂಡಿಸಿದಳು. ಅಂಗಳದಲ್ಲಿ ಮೊಣಕಾಲಿನವರೆಗೆ ನೀರು ಬರಬಹುದು. ಹೆಬ್ಬಾಗಿಲಿನ ಮೇಲಿನ ಕಾವಲು ಕೋಣೆಗೆ ಬರಲಾರದು, ಅದರ ಮೆಟ್ಟಿಲಿನ ನಾಲ್ಕನೆಯ ಕಲ್ಲಿನ ಮೇಲೆ ಎಲ್ಲಿಯೂ ಕಲೆಯಿರಲಿಲ್ಲ.

"ಮೇಲೆ," ಎಂದಳು. ಅಪ್ಪನ ತೋಳು ಹಿಡಿದು ಎಬ್ಬಿಸಿದಳು.

ಆ ಕೋಣೆಯಲ್ಲಿ ಅವರು ಐದು ಗಂಟೆಗೂ ಮಿಕ್ಕಿ ಕುಳಿತರು. ಸಮುದ್ರದ ಕಡೆಗೂ ಅಂಗಳದ ಕಡೆಗೂ ಒಂದೊಂದು ಕಿಂಡಿಯಿತ್ತು. ನೀರು ಧಕ್ಕೆಯ ಮೆಟ್ಟಿಲನ್ನು ಒಂದೊಂದಾಗಿ ನುಂಗುತ್ತಾ ಬಂದು, ಒಡೆದ ತಡೆಗೋಡೆಯ ಮೂಲಕ ಅಂಗಳಕ್ಕೆ ಹರಿದು, ಬಾಯ್ಲರಿನ ಹೊಟ್ಟೆಯೊಳಗೆ ನುಗ್ಗಿ ಟೊಳ್ಳು ದನಿಯಲ್ಲಿ ಗುಡುಗಿತು. ಅದಕ್ಕಿಂತ ಭೀಕರವಾಗಿದ್ದುದು ಜೈಲಿನ ಕಡೆಯ ಸದ್ದು. ಕೆಳಗಿನ ಮೂರು ಕೋಣೆಗಳಲ್ಲಿ ನೀರು ಬಾಗಿಲಿನಿಂದ ಬರುವ ಮೊದಲೇ ನೆಲದ ತೂತುಗಳಿಂದ ಮೇಲೆದ್ದಿತು. ದೊಡ್ಡ ಪ್ರಾಣಿಯೊಂದು ಗುಟುಕು ಗುಟುಕಾಗಿ ಕುಡಿಯುವಂಥ ಸದ್ದು ತಾಸುಗಟ್ಟಲೆ ಕೇಳುತ್ತಿತ್ತು.

ಕಾವ್ಯಾ ನೋಟ್‌ಬುಕ್ಕಿನ ಒಂದೇ ಪುಟವನ್ನು ನೋಡುತ್ತಿದ್ದಳು. "ರಿಂಗ್ ತೊಂಬತ್ತೈದು," ಎಂದಳು ಮೆಲ್ಲಗೆ. "ನೀರು ನೂರಾ ಅರವತ್ತು."

ಅಜಯ್‌ಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಬಳೆಗೆ ಕೊರಳು ಬಿಗಿದು ಕಟ್ಟಿದ ಮನುಷ್ಯ ಎದ್ದು ನಿಲ್ಲಲಾಗದೆ ಬಾಗಿಯೇ ಇರಬೇಕು. ನೀರು ಅವನ ತಲೆಗಿಂತ ಮೇಲೆ ಬರುತ್ತದೆ. "ಆವಾಗ ಹೊರಗಿನ ಗೋಡಿ ಒಡದಿರಲಿಲ್ಲಲ್ಲ," ಎಂದ ಅವನು, ಯಾರನ್ನೋ ಬೇಡಿಕೊಳ್ಳುವಂತೆ. "ನೀರು ಬರತಿರಲಿಲ್ಲ, ಅಲ್ಲಾ?"

"ತೂತು ಅವರೇ ಇಟ್ಟದ್ದು. ಕಟ್ಟುವಾಗಲೇ," ಎಂದಳು ಕಾವ್ಯಾ.

ವಿಠ್ಠಲರು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳಿಂದ ತಮ್ಮ ಮೊಣಕಾಲುಗಳನ್ನೇ ಹಿಡಿದು ಕುಳಿತಿದ್ದರು. ಟವೆಲ್ ಹೆಗಲ ಮೇಲಿತ್ತು, ಈಗ ಯಾವುದನ್ನೂ ಮುಚ್ಚುತ್ತಿರಲಿಲ್ಲ. ಆ ತೂತುಗಳ ಗುಟುಕಿಗೆ ಸರಿಯಾಗಿ ಅವರ ಗಂಟಲಿನಿಂದಲೂ ಸಣ್ಣ ಸದ್ದು ಹೊರಡುತ್ತಿತ್ತು. ನಲವತ್ತು ವರ್ಷಗಳ ಹಿಂದಿನ ಅದೇ ಸದ್ದು. ಈ ಸಲ ಅದು ತಮ್ಮದೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಕೇಳುತ್ತಿದ್ದವರಿಗೂ ಗೊತ್ತಿತ್ತು. ಕಾವ್ಯಾ ಎದ್ದು ಬಂದು ಪಕ್ಕದಲ್ಲಿ ಕುಳಿತಳು. ಸಿಟ್ಟು ಇಳಿದಿರಲಿಲ್ಲ. ಆದರೂ ಬುತ್ತಿ ಬಿಚ್ಚಿ ಒಂದು ಬನ್ಸ್ ಮುರಿದು ಅರ್ಧವನ್ನು ಅಪ್ಪನ ಕೈಗಿಟ್ಟಳು.

"ಮಮ್ಮಿಗೆ ಗೊತ್ತಾ?"

"ಮೂವತ್ತು ವರ್ಷದಿಂದ."

"ಹೇ ಭಗವಾನ್," ಎಂದಳು. "ನನಗೊಬ್ಬಳಿಗೇ ಹೇಳಿಲ್ಲ."

ಅಜಯ್ ಕಿಂಡಿಯಿಂದ ತಲೆ ತಿರುಗಿಸದೆ ಕೇಳಿದ: "ಅಂಕಲ್, ಚಪ್ಪಲಿ ಯಾವ ಕಂಪ್ನೀವು?"

ಮೂವರಲ್ಲಿ ಯಾರು ಮೊದಲು ನಕ್ಕರೋ ತಿಳಿಯದು. ನಗು ಬಹಳ ಹೊತ್ತು ಬಾಳಲಿಲ್ಲ. ನೀರು ಕೋಣೆಯ ಮೆಟ್ಟಿಲಿನ ಮೂರನೆಯ ಕಲ್ಲಿಗೆ ಬಂದಿತ್ತು.

ನಾಲ್ಕನೆಯದಕ್ಕೆ ಬರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ, ಉಬ್ಬರ ತುಂಬಿ, ಅದುವರೆಗೆ ತಡೆದಿದ್ದ ಸೆಳೆತ ನಿಂತಾಗ, ದೋಣಿ ಧಕ್ಕೆಯ ಗೋಡೆಗೇ ಬಂದು ತಾಗಿತು. ಧನಸುಖ್‌ಭಾಯಿ ಹಗ್ಗ ಎಸೆದು ಬೈಯುತ್ತಲೇ ಮೇಲೆ ಬಂದ. ಕೂಗಿ ಕೂಗಿ ಅವನ ದನಿ ಒಡೆದುಹೋಗಿತ್ತು. ಬಟ್ಟೆ ಏರಿಸಿದರೆ ಬರಬೇಕು, ಯಾಕೆ ಬರಲಿಲ್ಲ? ತಡವಾದ ಮೇಲೆ ಇಳಿದುಬಿಡುತ್ತೀರೆಂದು ಬೇಡ ಬೇಡವೆಂದು ಬೀಸಿದೆ. ಹೋದ ಸಲ ಇಬ್ಬರು ಇಳಿದಿದ್ದರು, ಒಬ್ಬ ಸಿಕ್ಕಿದ್ದು ನಾಲ್ಕು ದಿನದ ಮೇಲೆ. ಅಷ್ಟು ಹೇಳಿ ಅವನು ವಿಠ್ಠಲರ ಕಡೆ ತಿರುಗಿದ. ದನಿ ಬದಲಾಯಿತು.

"ನೀವು ತಡೆದಿರಿ, ಅಲ್ಲವೇ ಕಾಕಾ? ಈ ಮಕ್ಕಳು ಇಳಿಯುತ್ತಿದ್ದರು, ನಾನು ನೋಡಿದೆ. ಅಲ್ಲಿ ಸೆಳೆತ ಇರುತ್ತದೆ ಅಂತ ನೋಡಿದ ಕೂಡಲೇ ಹೇಗೆ ಗೊತ್ತಾಯಿತು? ಏಳು ವರ್ಷದ ಅಭ್ಯಾಸ, ಸುಮ್ಮನೆ ಅಲ್ಲ."

ಮಾತು ಅವರ ಮುಂದೆ ಬಂದು ನಿಂತಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೂಂ ಎಂದರೆ ಸಾಕಿತ್ತು. ಅಜಯ್ ಬೇರೆಲ್ಲೋ ನೋಡಿದ. ಕಾವ್ಯಾ ಮಾತ್ರ ನೇರವಾಗಿ ನೋಡುತ್ತಿದ್ದಳು, ಬೆಳಿಗ್ಗೆ ಗೋಡೆಗೆ ಟೇಪು ಹಿಡಿದಾಗ ನೋಡಿದಂತೆ.

"ಮನೇ ಖಬರ್ ನಹೋತೀ, ಭಾಯಿ," ಎಂದರು ವಿಠ್ಠಲರು. ನನಗೆ ಗೊತ್ತಿರಲಿಲ್ಲ. "ಹೆದರಿಕೆಯಾಯಿತು, ಬೇಡ ಎಂದೆ. ತಡ ಮಾಡಿಸಿದ್ದೂ ನಾನೇ."

ಧನಸುಖ್‌ಭಾಯಿ ಅವರ ಬರಿಗಾಲುಗಳನ್ನು ನೋಡಿದ, ಮುಖವನ್ನು ನೋಡಿದ. "ಹೆದರದವನನ್ನು ನಾನು ದೋಣಿಗೆ ಹತ್ತಿಸುವುದಿಲ್ಲ," ಎಂದು ಗೊಣಗಿ ಕೈ ಕೊಟ್ಟ.

ಹಿಂದಿರುಗುವಾಗ ಗಾಳಿ ಎದ್ದಿತ್ತು. ದೋಣಿಯ ಮೂತಿ ಏರುತ್ತಿತ್ತು, ಬೀಳುತ್ತಿತ್ತು. ಟವೆಲನ್ನು ಕಾವ್ಯಾ ತಲೆಗೆ ಸುತ್ತಿಕೊಂಡಿದ್ದಳು. ವಿಠ್ಠಲರು ಎಲ್ಲರಿಗೂ ಕಾಣುವಂತೆ ಒಂದು ಕೈಯಿಂದ ಹಲಗೆಯನ್ನು, ಇನ್ನೊಂದರಿಂದ ಮಗಳ ಮಣಿಕಟ್ಟನ್ನು ಹಿಡಿದಿದ್ದರು. ಹಿಡಿತ ನೋಯಿಸುವಷ್ಟು ಬಿಗಿಯಾಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

"ಪಪ್ಪಾ, ನಿಜವಾಗಿ ಎಷ್ಟು ಸಲ ಹೋಗಿದ್ದೀರಿ ಸಮುದ್ರಕ್ಕೆ?"

ತೆರೆಯೊಂದು ಪಕ್ಕಕ್ಕೆ ಬಡಿಯಿತು. ಅವರು ಕಣ್ಣು ಮುಚ್ಚಿ, ತೆರೆದು, ಉಸಿರು ಸಿಕ್ಕಿದ ಮೇಲೆ ಹೇಳಿದರು.

"ಇವತ್ತಿನದೂ ಸೇರಿ ಎರಡು."